ತೋಟದ ದಾರಿ ಮತ್ತು ಮಳೆಯ ನೀರು



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳು ಮಳೆ ಕಡಿಮೆಯಾದ ಸೀಮೆಗೆ ಸೇರಿದವು. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸಿನಲ್ಲಿಯೇ ಇರುವ ಈ ಭಾಗದಲ್ಲಿ, ತೋಟದ ದಾರಿಗೆ ಚರಂಡಿ ಬೇಕೆಂದು ಯಾರಾದರೂ ಹೇಳಿದರೆ "ಮಳೆಯೇ ಇಲ್ಲದ ಊರಿಗೆ ಚರಂಡಿ ಯಾಕಪ್ಪಾ?" ಎಂದು ನಗುವವರೇ ಹೆಚ್ಚು. ಆದರೆ ನಮ್ಮ ದಾರಿಗಳು ಕೆಡುತ್ತಿರುವುದು ಬಿಸಿಲಿನಿಂದಲ್ಲ, ಮಳೆಯ ನೀರಿನಿಂದಲೇ. ವರ್ಷವಿಡೀ ಒಣಗಿ ಗಟ್ಟಿಯಾಗಿರುವ ದಾರಿ, ಹಿಂಗಾರಿನ ನಾಲ್ಕು ದಿನಗಳ ಮಳೆಗೆ ಗುಂಡಿ ಬಿದ್ದು, ಕೊಚ್ಚೆಯಾಗಿ, ಕೊಯ್ಲಿನ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ.

ನಮ್ಮಲ್ಲಿ ಮಳೆ ಕಡಿಮೆ ಎಂಬುದು ನಿಜ. ಆದರೆ ಬಿದ್ದ ದಿನ ಬಿರುಸಾಗಿಯೇ ಬೀಳುತ್ತದೆ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ ಬರಲಿಲ್ಲವೆಂದು ಕೋಡಿಯನ್ನು ಯಾರೂ ಮುಚ್ಚಿಬಿಡಲಿಲ್ಲ. ಅಣೆಕಟ್ಟೆ ಕಟ್ಟಿದವರು ನೀರು ಬರುವ ದಿನವನ್ನು ಎಣಿಸಿಯೇ ಕಟ್ಟಿದ್ದರು. ದಾರಿಯ ವಿಷಯದಲ್ಲಿಯೂ ಇದೇ ಬುದ್ಧಿ ಬೇಕು ಎಂಬುದೇ ಈ ಪಾಠದ ತಿರುಳು.

ಈ ಲೇಖಕನ ತೋಟದ ದಾರಿಯನ್ನೇ ಉದಾಹರಣೆಯಾಗಿ ಹೇಳಬಹುದು. ದಾರಿಯ ಪಕ್ಕದಲ್ಲಿ ಹಿರಿಯರ ಕಾಲದ ಒಂದು ಕಾಲುವೆ ಇತ್ತು. ಒಂದು ಸಾಲು ಸಸಿ ಹೆಚ್ಚಿಗೆ ಕೂರುತ್ತದೆ ಎಂಬ ಆಸೆಗೆ ಬಿದ್ದು ಅದನ್ನು ಮುಚ್ಚಿ ಅಡಿಕೆ ಸಸಿ ನೆಟ್ಟೆವು. ಮೂರನೆಯ ವರ್ಷದ ಹಸ್ತಾ ಮಳೆಯಲ್ಲಿ ಹಸಿ ಅಡಿಕೆ ತುಂಬಿದ ಟ್ರೇಲರು ಅಚ್ಚಿನವರೆಗೆ ಹೂತುಕೊಂಡಿತು. ಸುಲಿಯುವವರು ಮನೆಯಲ್ಲಿ ಕಾದು ಕೂತರು, ಅಡಿಕೆ ರಾತ್ರಿಯೆಲ್ಲ ಮಳೆಯಲ್ಲಿ ನೆನೆಯಿತು. ಹಿಂದಿನ ನಾಲ್ಕು ತೋಟದವರ ಗಾಡಿಗಳೂ ನಿಂತವು. ಖೇಣಿ ಹಿಡಿದವರು ಬಂದು ನೋಡಿ, "ದಾರಿ ಸರಿಯಿಲ್ಲ" ಎಂದು ದರದಲ್ಲಿ ಮುರಿದುಕೊಂಡರು. ಒಂದು ಸಾಲು ಸಸಿಯಿಂದ ಬರಬಹುದಾಗಿದ್ದ ಲಾಭಕ್ಕಿಂತ ಆ ಒಂದು ವಾರದ ನಷ್ಟವೇ ಹೆಚ್ಚಾಯಿತು. ತಪ್ಪು ಮಳೆಯದಾಗಿರಲಿಲ್ಲ, ನಮ್ಮದಾಗಿತ್ತು.

ಭಾರ ಹೊರುವುದು ಯಾವುದು?

ದಾರಿಯ ಮೇಲಿನ ಜಲ್ಲಿ ಅಥವಾ ಡಾಂಬರು ಗಾಡಿಯ ಭಾರವನ್ನು ಹೊರುತ್ತದೆ ಎಂಬುದು ಸಾಮಾನ್ಯ ತಿಳುವಳಿಕೆ. ಇದು ಪೂರ್ತಿ ಸರಿಯಲ್ಲ. ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ (1756–1836) ಇನ್ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟ ತತ್ತ್ವವೆಂದರೆ, ಕೊನೆಗೆ ಭಾರ ಹೊರುವುದು ತಳದ ಮಣ್ಣು. ಮೇಲಿನ ಜಲ್ಲಿಯ ಪದರ ಭಾರವನ್ನು ಹರಡಿ ಕೆಳಗೆ ಕಳುಹಿಸುತ್ತದೆ. ತಳದ ಮಣ್ಣಿಗೆ ನೀರು ಇಳಿಯದಂತೆ ಚಾವಣಿಯ ಕೆಲಸವನ್ನೂ ಮಾಡುತ್ತದೆ. ತಳ ಒಣಗಿರುವವರೆಗೆ ದಾರಿ ಗಟ್ಟಿ, ತಳ ನೆನೆಯಿತೆಂದರೆ ಮೇಲೆ ಎಷ್ಟು ಜಲ್ಲಿ ಸುರಿದರೂ ಅದು ಕೆಸರಿನೊಳಗೆ ಇಳಿದುಹೋಗುತ್ತದೆ.

ಇಂದಿನ ಎಂಜಿನಿಯರುಗಳು ದಾರಿಯ ದಪ್ಪ ನಿರ್ಧರಿಸುವ ಮೊದಲು ತಳದ ಮಣ್ಣಿನ ಬಲವನ್ನು ಪರೀಕ್ಷಿಸುತ್ತಾರೆ. ಮಣ್ಣನ್ನು ಅಚ್ಚಿನಲ್ಲಿ ಗಟ್ಟಿಸಿ, ನಾಲ್ಕು ದಿನ ನೀರಿನಲ್ಲಿ ನೆನೆಸಿ, ಆ ಮೇಲೆ ಅದರ ಬಲ ಅಳೆಯುವುದು ರೂಢಿ. ಒಣ ದಿನದ ಬಲವನ್ನು ನಂಬಿ ದಾರಿ ಮಾಡಿದರೆ ಒದ್ದೆ ದಿನ ಅದು ಉಳಿಯುವುದಿಲ್ಲ ಎಂಬುದೇ ಇದಕ್ಕೆ ಕಾರಣ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎರಡು ಬಗೆಯ ಮಣ್ಣು ಮುಖ್ಯ. ಹೊಳಲ್ಕೆರೆ, ಹೊಸದುರ್ಗದ ಕಡೆ ಹೆಚ್ಚಾಗಿ ಕೆಂಪು ಮಣ್ಣು. ಇದು ಗಟ್ಟಿಸಿದರೆ ಚೆನ್ನಾಗಿ ಕೂರುತ್ತದೆ, ಆದರೆ ಹರಿಯುವ ನೀರಿಗೆ ಬೇಗ ಕೊಚ್ಚಿಹೋಗುತ್ತದೆ. ಹಿರಿಯೂರಿನ ಕಡೆ ಮತ್ತು ಚಿತ್ರದುರ್ಗದ ಕೆಲವು ಭಾಗಗಳಲ್ಲಿ ಎರೆ ಮಣ್ಣು. ಇದು ನೆನೆದಾಗ ಉಬ್ಬಿ, ಒಣಗಿದಾಗ ಬಿರುಕು ಬಿಡುವ ಸ್ವಭಾವದ್ದು, ನೆನೆದಾಗ ಬಲ ತೀರ ಕಡಿಮೆ. ಎರೆ ಭೂಮಿಯಲ್ಲಿ ನೇರವಾಗಿ ಜಲ್ಲಿ ಹಾಕಬಾರದು. ಮೊದಲು ಕನಿಷ್ಠ ಅರ್ಧ ಅಡಿ ಗರಸಿನ ಪದರ ಹಾಕಿ, ಗಟ್ಟಿಸಿ, ಅದರ ಮೇಲೆ ಜಲ್ಲಿ ಹಾಕತಕ್ಕದ್ದು. ಇಲ್ಲವಾದರೆ ಎರೆ ಮಣ್ಣು ಜಲ್ಲಿಯ ಸಂದಿಯಲ್ಲಿ ಮೇಲೇರಿ ಬರುತ್ತದೆ, ಜಲ್ಲಿ ಕೆಳಗಿಳಿಯುತ್ತದೆ.

ಆಮೆಯ ಬೆನ್ನು, ಚರಂಡಿ, ಮೋರಿ

ನೀರನ್ನು ದಾರಿಯಿಂದ ದೂರ ಮಾಡುವ ಉಪಾಯಗಳು ಮೂರು. ಮೂರೂ ಇದ್ದರೆ ಮಾತ್ರ ಪ್ರಯೋಜನ.

ಮೊದಲನೆಯದು ದಾರಿಯ ಮೈ. ಅದು ಆಮೆಯ ಬೆನ್ನಿನಂತೆ ನಡುವೆ ಉಬ್ಬಿ ಎರಡೂ ಕಡೆ ಇಳಿದಿರಬೇಕು. ನಮ್ಮಂತಹ ಕಡಿಮೆ ಮಳೆಯ ಪ್ರದೇಶದಲ್ಲಿ ಮಣ್ಣಿನ ದಾರಿಗೆ ನೂರಕ್ಕೆ 4, ಗರಸು ಅಥವಾ ಜಲ್ಲಿ ದಾರಿಗೆ ನೂರಕ್ಕೆ ಮೂರೂವರೆ, ತೆಳು ಡಾಂಬರಿನ ದಾರಿಗೆ ನೂರಕ್ಕೆ 3ರಷ್ಟು ಇಳಿಜಾರು ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಗ್ರಾಮೀಣ ರಸ್ತೆ ಕೈಪಿಡಿ ಹೇಳುತ್ತದೆ. ತೋಟದ ದಾರಿಗೆ ಇದನ್ನು ಅನ್ವಯಿಸಿ ನೋಡೋಣ. 3 ಮೀಟರು, ಅಂದರೆ ಸುಮಾರು 10 ಅಡಿ ಅಗಲದ ಮಣ್ಣಿನ ದಾರಿಯಲ್ಲಿ ನಡುವಿನಿಂದ ಅಂಚಿಗೆ 150 ಸೆಂಟಿಮೀಟರು. ಅದಕ್ಕೆ ನೂರಕ್ಕೆ 4ರಂತೆ ಲೆಕ್ಕ ಹಾಕಿದರೆ ನಡುಭಾಗವು ಅಂಚಿಗಿಂತ 6 ಸೆಂಟಿಮೀಟರು ಎತ್ತರವಿರಬೇಕು. ಗಾಡಿ ಓಡಾಡಿ ಸ್ವಲ್ಪ ಕೂರುವುದರಿಂದ ಮೊದಲೇ 7–8 ಸೆಂಟಿಮೀಟರು ಕೊಡುವುದು ಒಳ್ಳೆಯದು. ಗಾರೆಯವರು ಬಳಸುವ ನೀರಿನ ಟ್ಯೂಬು ಮತ್ತು ಒಂದು ದಾರ ಇದ್ದರೆ ಇದನ್ನು ಯಾರು ಬೇಕಾದರೂ ಅಳೆದುಕೊಳ್ಳಬಹುದು.

ಮಣ್ಣು ಅಥವಾ ಗರಸನ್ನು ಒಂದೇ ಸಲ ರಾಶಿ ಸುರಿಯದೆ ಅರ್ಧ ಅಡಿಗೆ ಮೀರದ ಪದರಗಳಾಗಿ ಹರಡಿ ಗಟ್ಟಿಸಬೇಕು. ಮಣ್ಣಿನ ಹದ ನೋಡಲು ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಅದುಮಿರಿ. ಉಂಡೆ ನಿಲ್ಲಬೇಕು, ಕೈಗೆ ಕೆಸರು ಅಂಟಬಾರದು, ಸೊಂಟದೆತ್ತರದಿಂದ ಬಿಟ್ಟರೆ ನಾಲ್ಕಾರು ಹೋಳಾಗಿ ಒಡೆಯಬೇಕು. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ನೀರು ಹೆಚ್ಚು.

ಎರಡನೆಯದು ಚರಂಡಿ. ದಾರಿಯ ಎರಡೂ ಬದಿಗೆ, ಅಂಚಿನಿಂದ ಒಂದೂವರೆ ಅಡಿ ಆಳಕ್ಕೆ, ಗೋಡೆ ನೆಟ್ಟಗಿರದೆ ಓರೆಯಾಗಿರುವಂತೆ ತೆಗೆಯಬೇಕು. ಚರಂಡಿಯಲ್ಲಿ ನೀರು ನಿಲ್ಲಬಾರದು. ನಿಂತ ನೀರು ಪಕ್ಕದಿಂದಲೇ ದಾರಿಯ ತಳಕ್ಕೆ ಇಳಿಯುತ್ತದೆ. ಆದಕಾರಣ ಪ್ರತಿ 30–40 ಮೀಟರಿಗೆ ಒಂದು ಕವಲುಗಾಲುವೆ ತೆಗೆದು ನೀರನ್ನು ದಾರಿಯಿಂದ ದೂರ ಬಿಡಬೇಕು. ಇಳಿಜಾರು ಹೆಚ್ಚಿದ್ದಷ್ಟೂ ಕವಲುಗಳು ಹತ್ತಿರವಿರಬೇಕು. ತರೀಕೆರೆಯಿಂದಾಚೆಯ ನಮ್ಮ ಕಾಫಿ ಬೆಳೆಗಾರ ಬಂಧುಗಳ ಗುಡ್ಡದ ದಾರಿಗಳಲ್ಲಿ ಗುಡ್ಡದ ಕಡೆಯ ಚರಂಡಿಯೇ ಮುಖ್ಯ. ಮೇಲಿನಿಂದ ಬರುವ ನೀರನ್ನು ಅಲ್ಲಿಯೇ ಹಿಡಿದು ಮೋರಿಗೆ ತಲುಪಿಸದಿದ್ದರೆ ಅದು ದಾರಿಯನ್ನೇ ಹಳ್ಳ ಮಾಡಿಕೊಳ್ಳುತ್ತದೆ.

ಮೂರನೆಯದು ಮೋರಿ. ಹಳ್ಳ, ಕೊರಕಲು ದಾರಿಯನ್ನು ದಾಟುವಲ್ಲಿ ಹಾಗೂ ಪ್ರತಿ ತೋಟದ ಬಾಯಿಯಲ್ಲಿ ಮೋರಿ ಬೇಕು. ದುಡ್ಡು ಉಳಿಸಲು ಒಂದಡಿಯ ಪೈಪು ಹಾಕುವುದು ರೂಢಿಯಾಗಿದೆ. ಅದು ಎರಡು ಮಳೆಗೆ ಸೋಗೆ, ಹಾಳೆ, ಹೂಳು ತುಂಬಿ ಕಟ್ಟಿಕೊಳ್ಳುತ್ತದೆ, ಒಳಗೆ ಕೈಯಾಡಿಸಿ ತೆಗೆಯಲೂ ಆಗುವುದಿಲ್ಲ. ತೋಟದ ಬಾಯಿಗೆ ಕನಿಷ್ಠ 2 ಅಡಿಯ ಸಿಮೆಂಟ್ ಪೈಪು, ಅದರ ಮೇಲೆ 2 ಅಡಿ ಗಟ್ಟಿಸಿದ ಮಣ್ಣು ಇರಲಿ. ಹಳ್ಳ ದಾಟುವಲ್ಲಿ ಇದಕ್ಕಿಂತ ದೊಡ್ಡದೇ ಬೇಕು. ಅದಕ್ಕೆ ಎಂಜಿನಿಯರರ ಸಲಹೆ ಪಡೆಯುವುದು ಅವಶ್ಯಕ.

ದಾರಿಯ ನೀರಿನ ಲೆಕ್ಕ

ಈಗ ಒಂದು ಸಣ್ಣ ಲೆಕ್ಕ ಮಾಡೋಣ. 3 ಮೀಟರು ಅಗಲ, 1 ಕಿಲೋಮೀಟರು ಉದ್ದದ ದಾರಿಯ ಮೈ 3000 ಚದರ ಮೀಟರು. ಒಂದು ರಾತ್ರಿ 50 ಮಿಲಿಮೀಟರು ಮಳೆಯಾಯಿತೆನ್ನಿ. ಆ ದಾರಿಯ ಮೇಲೆ ಮಾತ್ರ ಬಿದ್ದ ನೀರು 1,50,000 ಲೀಟರು. ಅಂದರೆ 5000 ಲೀಟರಿನ 30 ಟ್ಯಾಂಕರುಗಳು.

ಬೇಸಿಗೆಯಲ್ಲಿ ಕೊಳವೆ ಬಾವಿ ಕೈಕೊಟ್ಟಾಗ ಅಡಿಕೆ ಮರ ಉಳಿಸಲು ಟ್ಯಾಂಕರ್ ನೀರು ಹೊಡೆಸಿದವರಿಗೆ 30 ಟ್ಯಾಂಕರ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳಲ್ಲಿ ದುಡ್ಡು ಕೊಟ್ಟು ತರಿಸುವ ಅದೇ ನೀರು ಅಕ್ಟೋಬರಿನಲ್ಲಿ ಪುಕ್ಕಟೆಯಾಗಿ ಬಂದಾಗ ಅದನ್ನು ದಾರಿಯಲ್ಲಿ ನಿಲ್ಲಿಸಿ ದಾರಿಯನ್ನೂ ಕೆಡಿಸಿಕೊಳ್ಳುತ್ತೇವೆ, ನೀರನ್ನೂ ಕಳೆದುಕೊಳ್ಳುತ್ತೇವೆ. ಕವಲುಗಾಲುವೆಗಳ ತುದಿಗೆ ಕೃಷಿ ಹೊಂಡವನ್ನೋ ಇಂಗುಗುಂಡಿಯನ್ನೋ ಮಾಡಿದರೆ, ಆ ನೀರಿನಲ್ಲಿ ಅರ್ಧ ಸಿಕ್ಕರೂ 15 ಟ್ಯಾಂಕರ್ ಲಾಭವೇ. ಚರಂಡಿ ತೆಗೆಯುವುದು ನೆಲ ಕಳೆದುಕೊಳ್ಳುವ ಕೆಲಸವಲ್ಲ, ನೀರು ಗಳಿಸುವ ಕೆಲಸ.

ಎರಡು ಎಚ್ಚರಿಕೆಗಳು. ಹೊಂಡ ಅಥವಾ ಗುಂಡಿ ದಾರಿಯ ಅಂಚಿಗೆ ಅಂಟಿಕೊಂಡಿರಬಾರದು, ದೂರವಿರಬೇಕು. ಇಲ್ಲದಿದ್ದರೆ ಇಂಗಿದ ನೀರು ಮತ್ತೆ ದಾರಿಯ ತಳಕ್ಕೇ ಬರುತ್ತದೆ. ಅಡಿಕೆ ಮರದ ಬುಡಕ್ಕೆ ನೇರವಾಗಿ ನೀರು ತಿರುಗಿಸಿ ನಿಲ್ಲಿಸಲೂಬಾರದು. ಬುಡದಲ್ಲಿ ನೀರು ನಿಲ್ಲುವುದನ್ನು ಅಡಿಕೆ ಸಹಿಸುವುದಿಲ್ಲ.

ತೂಕದ ಲೆಕ್ಕ

ನೀರಿನ ಜೊತೆಗೆ ದಾರಿಯನ್ನು ಕೆಡಿಸುವ ಇನ್ನೊಂದು ಕಾರಣ ಅತಿಭಾರ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬಲ್ಲಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಲಾರಿಗಳನ್ನು ಎಡೆಬಿಡದೆ ಓಡಿಸಿ ನೋಡಿದರು. ಆಗ ಕಂಡ ನಿಯಮವಿದು: ಒಂದು ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗಾಗುವ ಹಾನಿ ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು.

ನಮ್ಮ ದೇಶದಲ್ಲಿ ರಸ್ತೆಯ ದಪ್ಪ ಲೆಕ್ಕ ಹಾಕಲು 8.16 ಟನ್ನಿನ ಅಚ್ಚನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಅದು ಮಾಡುವ ಹಾನಿಯನ್ನು 1 ಎಂದಿಟ್ಟುಕೊಂಡರೆ, 10.2 ಟನ್ನಿನ ಅಚ್ಚು ಮಾಡುವ ಹಾನಿ ಸುಮಾರು 2.4. ನಾಲ್ಕು ಚಕ್ರದ ಒಂಟಿ ಅಚ್ಚಿಗೆ 2018ರ ಜುಲೈವರೆಗೆ ಕಾನೂನಿನ ಮಿತಿ ಇದೇ ಆಗಿತ್ತು. ಆಗ ಮಿತಿಯನ್ನು 11.5 ಟನ್ನಿಗೆ ಏರಿಸಲಾಯಿತು. ಅದರ ಹಾನಿ ಸುಮಾರು 4. ಕಾನೂನಿನ ಒಳಗಿರುವ ಲಾರಿಯೇ ಇಷ್ಟು ಸವೆಸುವಾಗ, ಮಿತಿ ಮೀರಿ ತುಂಬಿದ ಟಿಪ್ಪರು ನಮ್ಮ ತೆಳು ದಾರಿಯನ್ನು ಏನು ಮಾಡೀತೆಂದು ಯೋಚಿಸಿರಿ. ಮಣ್ಣಿನ ದಾರಿಗೆ ಈ ಲೆಕ್ಕ ಅಂಕಿಗೆ ಅಂಕಿ ಹೊಂದದಿದ್ದರೂ ಅದರ ಪಾಠ ಒಂದೇ.

ನಮ್ಮ ದಾರಿಗಳಲ್ಲಿ ಅತಿಭಾರ ತರುವವರು ಹೊರಗಿನವರಲ್ಲ. ತೋಟಕ್ಕೆ ಕೆರೆ ಗೋಡು ಹೊಡೆಸುವವರು ನಾವೇ, ಕೆಮ್ಮಣ್ಣು ತರಿಸುವವರು ನಾವೇ, ಬೇಸಿಗೆಯಲ್ಲಿ ಟ್ಯಾಂಕರು ಕರೆಸುವವರೂ ನಾವೇ. 5000 ಲೀಟರಿನ ಟ್ಯಾಂಕರಿನಲ್ಲಿ ನೀರೇ 5 ಟನ್, ಟ್ಯಾಂಕಿನ ತೂಕ ಬೇರೆ. ಬಾಡಿಗೆ ಉಳಿಯುತ್ತದೆಂದು ಗಾಡಿಯ ಮೇಲೆ ಹಲಗೆ ಏರಿಸಿ ಮಣ್ಣು ತುಂಬಿಸುತ್ತೇವೆ. ಅಚ್ಚಿನ ಮೇಲೆ 8 ಟನ್ ಬೀಳುವಂತೆ ಒಂದು ಸಲ ಹೊಡೆಯುವ ಬದಲು 5 ಟನ್ ಬೀಳುವಂತೆ ಎರಡು ಸಲ ಹೊಡೆದರೆ ದಾರಿಗಾಗುವ ಹಾನಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಳಿಸಿದ ಬಾಡಿಗೆ ನಮ್ಮ ಒಬ್ಬರ ಜೇಬಿಗೆ, ಕೆಟ್ಟ ದಾರಿ ಹತ್ತು ತೋಟದವರ ಪಾಲಿಗೆ. ಇದು ನ್ಯಾಯವಲ್ಲ.

ಮಳೆಯ ಮರುದಿನ

ಆಫ್ರಿಕದ ಕ್ಯಾಮರೂನ್ ಮೊದಲಾದ ದೇಶಗಳಲ್ಲಿ ಮಣ್ಣಿನ ರಸ್ತೆಗಳಿಗೆ ಮಳೆಗೇಟುಗಳನ್ನು ಹಾಕುತ್ತಾರೆ. ಮಳೆ ಬರುವಾಗಲೂ ಬಂದು ನಿಂತ ಕೆಲವು ಗಂಟೆಗಳವರೆಗೂ ಭಾರದ ಲಾರಿಗಳನ್ನು ಗೇಟಿನಲ್ಲಿಯೇ ನಿಲ್ಲಿಸಲಾಗುತ್ತದೆ. ನೆನೆದ ದಾರಿಯಲ್ಲಿ ಒಂದು ಭಾರದ ಗಾಡಿ ಮಾಡುವ ಕೆಡುಕನ್ನು ಒಣ ದಾರಿಯಲ್ಲಿ ನೂರು ಗಾಡಿಗಳೂ ಮಾಡಲಾರವು ಎಂಬ ಅನುಭವದಿಂದ ಬಂದ ಪದ್ಧತಿಯಿದು.

ನಮ್ಮ ದಾರಿಗೂ ಇಂತಹ ಒಂದು ಕಟ್ಟುಪಾಡು ಬೇಕು. ಒಂದೇ ದಾರಿ ಬಳಸುವ ತೋಟದವರೆಲ್ಲ ಕೂಡಿ, ಜೋರು ಮಳೆಯಾದ ಮೇಲೆ ಎರಡು ದಿನ ಮಣ್ಣಿನ ಟಿಪ್ಪರು, ಗೊಬ್ಬರದ ಲಾರಿ ಬಿಡುವುದಿಲ್ಲವೆಂದು ತೀರ್ಮಾನಿಸಬಹುದು. ಗೋಡು, ಗೊಬ್ಬರ ಎರಡು ದಿನ ತಡವಾದರೆ ನಷ್ಟವಿಲ್ಲ. ಕೊಯ್ದ ಹಸಿ ಅಡಿಕೆ ಮಾತ್ರ ಕಾಯುವುದಿಲ್ಲ, ಅದಕ್ಕೆ ಅರ್ಧ ಹೊರೆಯ ಟ್ರೇಲರಿಗೆ ಅವಕಾಶವಿರಲಿ. ಮಳೆಯ ಸೂಚನೆ ಕಂಡರೆ ಕೊಯ್ಲನ್ನೇ ಒಂದು ದಿನ ಮುಂದೆ ಹಾಕುವುದು ಇನ್ನೂ ಉತ್ತಮ.

ಕೊಳವೆ ಪೈಪನ್ನು ದಾರಿಯ ಆಚೆಗೆ ಒಯ್ಯಬೇಕಾದವರು ದಾರಿ ಅಗೆದು ಹಾಗೆಯೇ ಮಣ್ಣು ಎಳೆಯಬಾರದು. ಕನಿಷ್ಠ 3 ಅಡಿ ಆಳದಲ್ಲಿ ದೊಡ್ಡ ಪೈಪು ಹೂತು ಅದರೊಳಗೆ ನೀರಿನ ಪೈಪು ತೂರಿಸಿ, ಅಗೆದದ್ದನ್ನು ಪದರ ಪದರವಾಗಿ ಗಟ್ಟಿಸಿ ಮುಚ್ಚಬೇಕು. ಮುಂದೆ ಪೈಪು ಒಡೆದರೂ ದಾರಿ ಅಗೆಯದೆ ಬದಲಿಸಬಹುದು.

ದೊಡ್ಡ ರಸ್ತೆ ಸೇರುವ ಬಾಯಿ

ನಮ್ಮ ಜಿಲ್ಲೆಯಲ್ಲಿ ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳ ಮೂಲಕ ಹಾದುಹೋಗುತ್ತದೆ. ಹಿಂದೆ 4ನೆಯ ನಂಬರಿನದಾಗಿದ್ದ ಈ ಹೆದ್ದಾರಿಗೆ ಈಗಿನ ನಂಬರು 48. ಚಿತ್ರದುರ್ಗದಿಂದ ಹೊಳಲ್ಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವ ರಸ್ತೆಯಲ್ಲಿಯೂ ವೇಗದ ವಾಹನಗಳು ಹೆಚ್ಚು. ತೋಟದ ದಾರಿ ಇಂತಹ ರಸ್ತೆ ಸೇರುವ ಕಡೆ ಪ್ರಾಣಾಪಾಯವಿದೆ. ದಾರಿ ಓರೆಯಾಗಿ ಸೇರದೆ ನೇರ ಅಡ್ಡಲಾಗಿ ಸೇರಬೇಕು. ಕೊನೆಯ 10 ಮೀಟರು ಏರಿಲ್ಲದೆ ಮಟ್ಟಸವಾಗಿರಬೇಕು. ಏರಿನಲ್ಲಿ ನಿಂತ ಟ್ರ್ಯಾಕ್ಟರು ಹಿಂದಕ್ಕೆ ಜಾರುತ್ತದೆ, ಇಲ್ಲವೇ ಚಾಲಕ ನಿಲ್ಲಿಸದೆ ನುಗ್ಗಿಸುತ್ತಾನೆ. ಎರಡೂ ಕಡೆಯ ಬೇಲಿ, ಲಾಂಟಾನ ಸವರಿ ನೋಟಕ್ಕೆ ಅಡ್ಡಿಯಿಲ್ಲದಂತೆ ಮಾಡಬೇಕು. ಕತ್ತಲಾದ ಮೇಲೆ ಅಡಿಕೆ ತರುವ ಟ್ರೇಲರಿನ ಹಿಂದೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಇರಲೇಬೇಕು. ಡಾಂಬರಿನ ಮೇಲೆ ಅಡಿಕೆ ಒಣಗಿಸುವುದು, ರಾಗಿ ಒಕ್ಕಣೆ ಮಾಡಿ ಕಲ್ಲು ಸಾಲಿಡುವುದು ಇತರರ ಪ್ರಾಣದೊಂದಿಗೆ ಆಡಿದಂತೆ.

ಯಾರ ರಸ್ತೆ, ಯಾರ ಹೊಣೆ?

ಅರ್ಜಿ ಬರೆಯುವ ಮೊದಲು ರಸ್ತೆ ಯಾರದೆಂದು ತಿಳಿಯುವುದು ಅವಶ್ಯಕ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿದವು. ಹಳ್ಳಿಯ ರಸ್ತೆಗಳು ಪಂಚಾಯತಿ ವ್ಯವಸ್ಥೆಗೆ ಸೇರಿದವು. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಆದ ರಸ್ತೆಗಳಿಗೆ ಒಂದು ವಿಶೇಷವಿದೆ: ಕಾಮಗಾರಿ ಮುಗಿದ ದಿನದಿಂದ 5 ವರ್ಷ ಗುತ್ತಿಗೆದಾರರೇ ನಿರ್ವಹಣೆ ಮಾಡಬೇಕು. ರಸ್ತೆಯ ಬಾಯಿಯಲ್ಲಿರುವ ಫಲಕದಲ್ಲಿ ತಾರೀಖು ನೋಡಿ, 5 ವರ್ಷ ಮುಗಿಯುವ ಮೊದಲೇ ಗುಂಡಿ, ಮುಚ್ಚಿದ ಮೋರಿಗಳ ಪಟ್ಟಿ ಮಾಡಿ ಲಿಖಿತವಾಗಿ ಕೊಡಿರಿ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಹಳ್ಳ ಗುರುತಾಗಿರುತ್ತವೆ. ಅದರ ಪ್ರತಿ ಪಡೆದಿಟ್ಟುಕೊಂಡರೆ ನೆರೆಯವರೊಡನೆ ಬಾಯಿಜಗಳ ತಪ್ಪುತ್ತದೆ.

ವರ್ಷದ ಕೆಲಸದ ಪಟ್ಟಿ

1. ಕೃತ್ತಿಕಾ ಮಳೆಗೆ ಮೊದಲು: ಚರಂಡಿಯ ಹೂಳು ತೆಗೆಯುವುದು, ಮೋರಿ ಸ್ವಚ್ಛ ಮಾಡುವುದು, ದಾರಿಯ ಉಬ್ಬು ಸರಿಪಡಿಸುವುದು.

2. ಮೊದಲ ಜೋರು ಮಳೆಯಲ್ಲಿ: ಗುದ್ದಲಿ ಹಿಡಿದು ದಾರಿಯುದ್ದಕ್ಕೂ ಒಮ್ಮೆ ನಡೆಯುವುದು. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಅಡ್ಡ ಹರಿಯುತ್ತದೆ ಎಂಬುದು ಆಗ ಕಾಣುವಷ್ಟು ಸ್ಪಷ್ಟವಾಗಿ ಬೇರೆ ದಿನ ಕಾಣದು.

3. ಉತ್ತರೆ, ಹಸ್ತಾ ಮಳೆಗೆ ಮೊದಲು: ಮತ್ತೊಮ್ಮೆ ಚರಂಡಿ, ಮೋರಿ ನೋಡುವುದು. ನಮ್ಮಲ್ಲಿ ಹೆಚ್ಚು ಮಳೆ ಬರುವುದೂ ಅಡಿಕೆ ಕೊಯ್ಲು ಬಿರುಸಾಗುವುದೂ ಇದೇ ಹೊತ್ತಿಗೆ.

4. ಗುಂಡಿ ಕಂಡ ವಾರದಲ್ಲಿಯೇ: ನೀರು ಬಸಿದು, ಅಂಚು ನೆಟ್ಟಗೆ ಕಡಿದು, ಗರಸು ತುಂಬಿ ಗಟ್ಟಿಸುವುದು. ಇಂದು ಒಂದು ಬಾಂಡ್ಲಿ ಗರಸಿನಲ್ಲಿ ಮುಗಿಯುವುದಕ್ಕೆ ಮುಂದಿನ ವರ್ಷ ಒಂದು ಟ್ರೇಲರು ಬೇಕಾದೀತು.

5. ಸುಗ್ಗಿ ಮುಗಿದ ಮೇಲೆ: ದಾರಿಯ ತೋಟದವರೆಲ್ಲ ಸೇರಿ ಖರ್ಚು ಹಂಚಿಕೊಳ್ಳುವುದು. ಎಕರೆಯ ಲೆಕ್ಕಕ್ಕಿಂತ ಯಾರ ತೋಟಕ್ಕೆ ಎಷ್ಟು ಭಾರದ ಗಾಡಿ ಬಂದವು ಎಂಬ ಲೆಕ್ಕ ಹೆಚ್ಚು ನ್ಯಾಯವಾದದ್ದು.

ಕೊನೆಯದಾಗಿ ಒಂದು ಮಾತು. ಚಿತ್ರದುರ್ಗದ ಕೋಟೆ ನೋಡಲು ಹೋದವರು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡಗಳನ್ನು ಕಂಡಿರಬಹುದು. ಬಂಡೆಯ ಮೇಲೆ ಬಿದ್ದ ಮಳೆಯ ನೀರು ಒಂದು ಹೊಂಡ ತುಂಬಿ ಇನ್ನೊಂದಕ್ಕೆ, ಅಲ್ಲಿಂದ ಊರೊಳಗಿನ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ ಇಳಿಯುವಂತೆ ಹಿರಿಯರು ದಾರಿ ಮಾಡಿದ್ದರು. ನೀರಿಗೆ ಅದರ ದಾರಿ ಕೊಟ್ಟಿದ್ದರಿಂದಲೇ ಅವರ ಮೆಟ್ಟಿಲು, ಗೋಡೆ, ಹಾದಿಗಳು ಉಳಿದವು, ಕುಡಿಯಲು ನೀರೂ ಸಿಕ್ಕಿತು. ಮಳೆ ಕಡಿಮೆಯೆಂದು ಅವರು ನೀರನ್ನು ಅಲಕ್ಷಿಸಲಿಲ್ಲ, ಕಡಿಮೆಯೆಂದೇ ಜೋಪಾನ ಮಾಡಿದರು.

ನಮ್ಮ ತೋಟದ ಮುಚ್ಚಿದ ಕಾಲುವೆಯನ್ನು ಮರುವರ್ಷವೇ ತೆಗೆಸಿದೆವು. ಒಂದು ಸಾಲು ಸಸಿ ಕಿತ್ತು ಬೇರೆಡೆ ನೆಡಬೇಕಾಯಿತು. ಆ ಮೇಲೆ ಆ ದಾರಿಯಲ್ಲಿ ಗಾಡಿ ಹೂತಿಲ್ಲ. ಓದುಗ ಬಂಧುಗಳು ಈ ಪತ್ರಿಕೆ ಮಡಿಸಿಟ್ಟ ಮೇಲೆ ತಮ್ಮ ತೋಟದ ದಾರಿಯಲ್ಲಿ ಒಮ್ಮೆ ನಡೆದು, ಹಿರಿಯರ ಕಾಲದ ಕಾಲುವೆ ಎಲ್ಲಿತ್ತೆಂದು ಹುಡುಕಿ ನೋಡಬೇಕೆಂದು ವಿನಂತಿ.